ಸವೆದ ಪಾದುಕೆಯ ಲೆಕ್ಕ

ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂಡುವುದು ಕನ್ನಡ ಅಧ್ಯಾಪಕನ ಹಣೆಬರಹ. ವಿಜ್ಞಾನ ವರವೋ ಶಾಪವೋ, ಹಳ್ಳಿಯ ಬಾಳು ಮೇಲೋ ಪಟ್ಟಣದ ಬಾಳು ಮೇಲೋ ಎಂಬ ವಿಷಯಗಳ ಮೇಲೆ ಎರಡೂ ಕಡೆಯ ವಾದಗಳನ್ನು ಇಪ್ಪತ್ತು ವರುಷ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ಆದುದರಿಂದ ಈಚೆಗೆ ಯಳಂದೂರಿನಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ, ಹುಡುಗರೇ ಆರಿಸಿಕೊಂಡ ವಿಷಯವನ್ನು ಕರಿಹಲಗೆಯ ಮೇಲೆ ಓದಿದಾಗ ನನಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. “ಸಣ್ಣ ಮೋಟಾರ್ ಸೈಕಲ್ ಕಂಪನಿಯು ವೃತ್ತಿಪರ ಮೋಟೊಕ್ರಾಸ್ ತಂಡವೊಂದನ್ನು ಸಾಕುವುದು ಉಚಿತ.” ಕಾವ್ಯಗಳಲ್ಲಿ ಬರುವ ಕುದುರೆಯ ವರ್ಣನೆಯನ್ನು ಪಾಠ ಹೇಳಬಲ್ಲೆನೇ ಹೊರತು ಕುದುರೆಶಕ್ತಿಯ ಲೆಕ್ಕ ನನಗೆ ದೂರ. ಆದರೂ ನನ್ನನ್ನು ಕರೆದುದಕ್ಕೆ ಕಾರಣವಿತ್ತು. ಸೋದರಮಾವನಿಂದ ಬಂದ ಹಳೆಯ ಯೆಜ್ಡಿಯ ಮೇಲೆ ಕೊಳ್ಳೇಗಾಲದ ಬೀದಿಗಳಲ್ಲಿ ಸದ್ದುಮಾಡುತ್ತ ಓಡಾಡುವ ಮೇಷ್ಟರು ನಾನು. ಹುಡುಗರ ದೃಷ್ಟಿಯಲ್ಲಿ ಅದೊಂದು ಪದವಿ.

ವಿರೋಧವಾಗಿ ಮಾತನಾಡಿದಾಕೆ ಬಿ.ಕಾಂ. ಓದುತ್ತಿರುವ ಹುಡುಗಿ. ಆಕೆಯ ವಾದ ಚೂರಿಯಂತಿತ್ತು. ನಮ್ಮ ಸೀಮೆಯ ರೈತ ಗಾಡಿ ಕೊಳ್ಳುವಾಗ ಲೀಟರಿಗೆ ಎಷ್ಟು ದೂರ ಓಡುತ್ತದೆಂದು ಕೇಳುತ್ತಾನೆ. ಬಿಡಿಭಾಗ ಕೊಳ್ಳೇಗಾಲದಲ್ಲಿ ಸಿಕ್ಕುತ್ತದೆಯೆ, ಮೈಸೂರಿಗೇ ಹೋಗಬೇಕೆ ಎಂದು ಕೇಳುತ್ತಾನೆ. ಯಾರೋ ಎಲ್ಲಿಯೋ ಕೆಸರಿನಲ್ಲಿ ಹಾರಿ ಗೆದ್ದರೆಂದು ಹಣ ಎಣಿಸಿಕೊಡುವುದಿಲ್ಲ. ದೊಡ್ಡ ಕಂಪನಿಗೆ ಅದು ಜೇಬಿನ ಚಿಲ್ಲರೆ, ಸಣ್ಣದಕ್ಕೆ ಅದು ಬಿತ್ತನೆಯ ಬೀಜ. ಪರವಾಗಿ ನಿಂತ ಹುಡುಗ ಎರಡು ನಿಮಿಷದಲ್ಲಿಯೇ ತಡವರಿಸಿ ಕುಳಿತ. ನಾನು ಹುಡುಗಿಗೆ ಮೊದಲ ಬಹುಮಾನ ಬರೆದೆ. ಬರೆಯದೆ ಬೇರೆ ದಾರಿ ಇರಲಿಲ್ಲ.

ಸಭೆ ಮುಗಿದ ಮೇಲೆ ಆ ಹುಡುಗ ನನ್ನ ಗಾಡಿಯ ಬಳಿ ನಿಂತಿದ್ದ. ಎಡಗಡೆಯ ಕೊರಳೆಲುಬು ಅಂಗಿಯ ಒಳಗಿನಿಂದಲೇ ಉಬ್ಬಿ ಕಾಣುತ್ತಿತ್ತು. ಒಮ್ಮೆ ಮುರಿದು ಕೂಡಿದ ಎಲುಬು. “ತೀರ್ಪು ಸರಿ ಸಾ,” ಎಂದ. “ಆದ್ರ ಕಾಸು ಕೊಡಬೇಕೋ ಬ್ಯಾಡ್ವೋ ಅಂತ ಎಲ್ಲಾರೂ ಹೇಳುದ್ರು. ಯಾತುಕ್ಕ ಕೊಡದು ಅಂತ ಯಾರೂ ಹೇಳ್ನಿಲ್ವಲ್ಲ.” ಎಂ.ಎ. ತರಗತಿಯಲ್ಲಿ ನಮ್ಮ ಗುರುಗಳು ಪ್ರಶ್ನೆಯನ್ನು ತಿದ್ದುವುದೇ ಅರ್ಧ ಉತ್ತರವೆಂದು ಹೇಳುತ್ತಿದ್ದುದು ನೆನಪಾಯಿತು. ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ಈ ಪಂದ್ಯವನ್ನು ನೋಡದ ವಾಚಕರಿಗಾಗಿ ಎರಡು ಮಾತು. ಡಾಂಬರು ರಸ್ತೆಯ ಓಟ ಇದಲ್ಲ. ಏರು, ಇಳಿವು, ಹಳ್ಳ, ಕೆಸರು, ಮಣ್ಣಿನ ದಿಬ್ಬ ಇವುಗಳನ್ನೊಳಗೊಂಡ ಸುತ್ತುದಾರಿಯಲ್ಲಿ ಮೂವತ್ತು ನಲವತ್ತು ಸವಾರರು ಒಂದೇ ಸಾಲಿನಿಂದ ಹೊರಟು, ದಿಬ್ಬಗಳ ಮೇಲೆ ಗಾಡಿಸಹಿತ ಗಾಳಿಗೆ ಹಾರಿ, ಸುಮಾರು ಅರ್ಧ ಗಂಟೆಯ ಕಾಲ ಒಬ್ಬರನ್ನೊಬ್ಬರು ಹಿಂದೆಹಾಕಲು ಹೆಣಗುವ ಆಟ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಮೊದಲಾದಾಗ ಅದನ್ನು ‘ಸ್ಕ್ರ್ಯಾಂಬಲ್’ ಎಂದು ಕರೆದರು. ಕೈಕಾಲು ಊರಿಕೊಂಡು ಹೇಗೋ ಹತ್ತುವುದು ಎಂದರ್ಥ. ‘ಮೋಟೊಕ್ರಾಸ್’ ಎಂಬ ಹೆಸರು ಯೂರೋಪಿನ ಭೂಖಂಡದಿಂದ ಬಂದುದು. 1957ರಿಂದ ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಪಟ್ಟವೂ ಉಂಟು. ಇದೇ ಓಟವನ್ನು ಕ್ರೀಡಾಂಗಣದೊಳಗೆ ಮಣ್ಣು ಸುರಿದು ಕಟ್ಟಿದ ದಾರಿಯಲ್ಲಿ ನಡೆಸಿದರೆ ಅದು ಸೂಪರ್‌ಕ್ರಾಸ್. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆದುದು ಈ ಎರಡನೆಯದು.

ನಮಗೆ ಹತ್ತಿರದ ನಿದರ್ಶನವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ; ಮೈಸೂರಿನ ಯಾದವಗಿರಿಯವರೆಗೆ ಹೋದರೆ ಸಾಕು. ರುಸ್ತುಂ ಇರಾನಿ, ಫರೋಖ್ ಇರಾನಿ ಎಂಬ ಪಾರಸಿ ಉದ್ಯಮಿಗಳು ಚೆಕೊಸ್ಲೊವಾಕಿಯದ ಜಾವಾ ಕಂಪನಿಯಿಂದ ಪರವಾನಗಿ ಪಡೆದು ಐಡಿಯಲ್ ಜಾವಾ ಎಂಬ ಹೆಸರಿನಲ್ಲಿ ಅಲ್ಲಿ ಕಾರಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಯ ಹೆಸರು ಯೆಜ್ಡಿಯಾಯಿತು. ಎರಡು ಹೊಗೆಕೊಳವೆ, ಒದೆದು ಎಬ್ಬಿಸಿದ ಸನ್ನೆಯನ್ನೇ ಮುಂದಕ್ಕೆ ಮಡಿಸಿ ಗೇರು ಹಾಕುವ ವಿಚಿತ್ರ ಏರ್ಪಾಡು, ದೂರದಿಂದಲೇ ಗುರುತು ಹಿಡಿಯಬಹುದಾದ ಆ ಸದ್ದು. ನಮ್ಮ ತಲೆಮಾರಿನವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ದೇಶದ ಕಂಪನಿಗಳ ಸಾಲಿನಲ್ಲಿ ಅದು ಎಂದೂ ದೊಡ್ಡದಾಗಿರಲಿಲ್ಲ. ಆದರೂ ಪಂದ್ಯಗಳ ಕಣದಲ್ಲಿ, ಮದರಾಸಿನ ಬಳಿಯ ಶೋಲಾವರದ ಹಳೆಯ ವಿಮಾನನೆಲದ ಓಟವಿರಲಿ, ಮಣ್ಣಿನ ದಾರಿಯ ಮೋಟೊಕ್ರಾಸ್ ಇರಲಿ, ಮೈಸೂರಿನ ಗಾಡಿಗೆ ಬಹುಕಾಲ ಮರ್ಯಾದೆಯ ಸ್ಥಾನವಿತ್ತು.

ನನ್ನ ಸೋದರಮಾವ ಆ ಕಾರಖಾನೆಯ ಜೋಡಣೆಯ ವಿಭಾಗದಲ್ಲಿದ್ದವರು. ಗೆದ್ದ ಬಟ್ಟಲುಗಳ ಮಾತನ್ನು ಅವರು ಆಡಿದ್ದು ನನಗೆ ನೆನಪಿಲ್ಲ. ಅವರು ಹೇಳುತ್ತಿದ್ದುದು ಬೇರೆಯೇ. ಪಂದ್ಯ ಮುಗಿಸಿ ಬಂದ ಗಾಡಿ ಕೆಸರಿನ ಸಮೇತ ಒಳಗೆ ಬಂದರೆ, ಚಹಾದ ಗಂಟೆಯಲ್ಲಿ ಎಲ್ಲರೂ ಅದರ ಸುತ್ತ ಸೇರುತ್ತಿದ್ದರಂತೆ. ಮುಂದಿನ ಫೋರ್ಕು ಎಷ್ಟು ಬಾಗಿದೆ, ಯಾವ ಕಡ್ಡಿ ಕಿತ್ತಿದೆ, ಕ್ಲಚ್ ಪ್ಲೇಟು ಸುಟ್ಟಿದೆಯೆ, ಬೆಸುಗೆ ಎಲ್ಲಿ ಬಿರಿದಿದೆ ಎಂದು ನೋಡುವುದಕ್ಕೆ. “ನಾವು ಮಾಡಿದ ಬೆಸುಗೆ ಬಿಟ್ಟುಕೊಂಡಿದ್ದರೆ ಊಟ ಸೇರುತ್ತಿರಲಿಲ್ಲ ಕಣಪ್ಪ. ಗೆದ್ದಿತೋ ಸೋತಿತೋ ಆಮೇಲೆ ವಿಚಾರಿಸುತ್ತಿದ್ದೆವು,” ಎನ್ನುತ್ತಿದ್ದರು. ನಮ್ಮ ಹುಡುಗ ಕೇಳಿದ ‘ಯಾತುಕ್ಕ’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಾಣೆ. ಆರು ವರುಷ ಊರ ದಾರಿಯಲ್ಲಿ ಓಡಿದ ಮೇಲೆ ಗಾಡಿ ಹೇಳುವುದನ್ನು ಕೆಸರು ಒಂದು ಮಧ್ಯಾಹ್ನದಲ್ಲಿ ಹೇಳಿಬಿಡುತ್ತದೆ.

ಆದರೆ ವಾದಿಸಿದ ಹುಡುಗಿಗೆ ಅನ್ಯಾಯವಾಗಬಾರದು. ಅದೇ ಕಾರಖಾನೆ 1996ರಲ್ಲಿ ಮುಚ್ಚಿತು. ಅಷ್ಟು ಮಣ್ಣು ಕುಡಿದ ಗಾಡಿಯನ್ನು ಸೋಲಿಸಿದ್ದು ಮತ್ತೊಂದು ಗಟ್ಟಿ ಗಾಡಿಯಲ್ಲ. 1985ರಲ್ಲಿ ಬಂದ ಹೀರೋ ಹೋಂಡಾದ 100 ಸಿ.ಸಿ.ಯ ಮೆದುದನಿಯ ನಾಲ್ಕು ಸ್ಟ್ರೋಕಿನ ಗಾಡಿ, ಪೆಟ್ರೋಲಿನ ಬೆಲೆ, ತೊಂಬತ್ತರ ದಶಕದಲ್ಲಿ ಬಿಗಿಯಾದ ಹೊಗೆಯ ನಿಯಮ ಇವು. ಎಣ್ಣೆ ಬೆರೆಸಿ ಕುಡಿಯುವ ಎರಡು ಸ್ಟ್ರೋಕಿನ ಯಂತ್ರಕ್ಕೆ ಆ ಕಾಲದಲ್ಲಿ ಎಡೆ ಉಳಿಯಲಿಲ್ಲ. ಗಾಡಿ ಮುರಿಯುತ್ತದೆಯೆ ಎಂದು ಕೆಸರು ಕೇಳುತ್ತದೆ. ಲೀಟರಿಗೆ ಎಷ್ಟು ದೂರ ಎಂದು ಕೇಳುವುದಿಲ್ಲ. ಪಂದ್ಯದ ತಂಡವೆಂಬ ಗುರು ತನ್ನ ಪಾಠವನ್ನು ಮಾತ್ರ ಕಲಿಸುತ್ತಾನೆ. ಉಳಿದ ಪಾಠಗಳಿಗೆ ಬೇರೆ ಮೇಷ್ಟರು ಬೇಕು.

ಯೂರೋಪಿನ ಕಥೆಯೂ ಹೀಗೆಯೇ ಎರಡು ಮುಖದ್ದು. ಜಾವಾದ ಸೋದರ ಸಂಸ್ಥೆಯಾದ ಸಿ.ಜೆಡ್. ಅರವತ್ತರ ದಶಕದಲ್ಲಿ ಮೋಟೊಕ್ರಾಸಿನ ರಾಜನಾಗಿತ್ತು. ಬೆಲ್ಜಿಯಮ್ಮಿನ ಜೋಯೆಲ್ ರೋಬೇರ್ 1964, 1968 ಮತ್ತು 1969ರಲ್ಲಿ 250 ಸಿ.ಸಿ.ಯ ವಿಶ್ವಪಟ್ಟವನ್ನೂ, ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 1966ರಿಂದ ಸತತ ಮೂರು ವರುಷ 500 ಸಿ.ಸಿ.ಯ ಪಟ್ಟವನ್ನೂ ಗೆದ್ದುದು ಆ ಗಾಡಿಗಳ ಮೇಲೆಯೇ. 1970ರಲ್ಲಿ ಜಪಾನಿನ ಸುಜುಕಿ ರೋಬೇರನನ್ನು ಕರೆದುಕೊಂಡಿತು. ಮುಂದಿನ ಮೂರು ಪಟ್ಟಗಳೂ ಅವನ ಬೆನ್ನಿಗೇ ಸುಜುಕಿಗೆ ಹೋದುವು. ಹಣವುಳ್ಳವನು ಸವಾರನನ್ನು ಕೊಂಡುಕೊಳ್ಳಬಲ್ಲ. ಸಣ್ಣ ಕಂಪನಿ ಇದನ್ನು ಮರೆಯುವಂತಿಲ್ಲ.

ನಿಜವಾಗಿ ಸಣ್ಣದೆಂದರೆ ಆಸ್ಟ್ರಿಯದ ಮಾಟಿಗ್‌ಹೋಫೆನ್ ಎಂಬ ಪುಟ್ಟ ಊರಿನ ಕೆ.ಟಿ.ಎಂ. 1974ರಲ್ಲಿ ಅದರ ಗಾಡಿಯ ಮೇಲೆ ರಷ್ಯದ ಗೆನ್ನಾಡಿ ಮೊಯಿಸೇಯೆವ್, ಸಿ.ಜೆಡ್.ನ ಯಾರೊಸ್ಲಾವ್ ಫಾಲ್ಟಾನನ್ನು ಕೊನೆಯ ಪಂದ್ಯದಲ್ಲಿ ಹಿಂದೆಹಾಕಿ 250 ಸಿ.ಸಿ.ಯ ಪಟ್ಟವನ್ನು ಪಡೆದ. ಫಾಲ್ಟಾನಿಗೆ ಬೇಗ ಹೊರಟನೆಂದು ದಂಡ ಬಿದ್ದುದರಿಂದ ಆ ಪಟ್ಟದ ಬಗೆಗಿನ ಜಗಳ ಇಂದಿಗೂ ಆರಿಲ್ಲ. ಇರಲಿ. ಆ ಸಣ್ಣ ಊರಿನ ಹೆಸರು ಲೋಕಕ್ಕೆ ತಿಳಿದದ್ದು ಮಣ್ಣಿನ ಪಂದ್ಯದಿಂದ. ಅದರ ಬಾಳೇ ಮಣ್ಣಿನ ಗಾಡಿಗಳಾದುವು. ಪಂದ್ಯದಲ್ಲಿ ಓಡಿದ್ದನ್ನೇ ಅಂಗಡಿಯಲ್ಲಿ ಮಾರಿತು. ಹಾಗಿದ್ದೂ 1991ರಲ್ಲಿ ದಿವಾಳಿಯೆದ್ದಿತು. ಮತ್ತೆ ಎದ್ದು ನಿಂತು ಡಕಾರ್ ಎಂಬ ಮರುಭೂಮಿಯ ಓಟವನ್ನು 2001ರಿಂದ 2019ರವರೆಗೆ ಸತತವಾಗಿ 18 ಸಲ ಗೆದ್ದಿತು. ಆ ಬಳಿಕ, ಮಾರಾಟವಾಗದ ಗಾಡಿಗಳ ರಾಶಿ ಬೆಳೆದು 2024ರ ನವೆಂಬರಿನಲ್ಲಿ ಮತ್ತೆ ನ್ಯಾಯಾಲಯದ ಬಾಗಿಲಿಗೆ ಬಂತು. 2025ರಲ್ಲಿ ನಮ್ಮ ಪುಣೆಯ ಬಜಾಜ್ ಹಣ ಹೂಡಿ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಇದನ್ನು ಪಂದ್ಯ ಕೊಟ್ಟ ಹೆಸರು ಎನ್ನೋಣವೆ, ಪಂದ್ಯ ತಂದ ನಾಶ ಎನ್ನೋಣವೆ? ಎರಡೂ ಅಲ್ಲ. ಕಟ್ಟಿದ ಹೆಸರು ನಿಜ, ತಪ್ಪಿದ ಲೆಕ್ಕವೂ ನಿಜ. ಒಂದು ಇನ್ನೊಂದನ್ನು ಮನ್ನಿಸುವುದಿಲ್ಲ.

ಅಮೆರಿಕದ ಕ್ಯಾನನ್‌ಡೇಲ್ ಎಂಬ ಸೈಕಲ್ ಕಂಪನಿಯ ಪಾಡು ಇನ್ನೂ ಕರುಣಾಜನಕ. ಒಳ್ಳೆಯ ಸೈಕಲ್ ಮಾಡಿ ಹೆಸರಾಗಿದ್ದವರು, ಗಾಳಿ ಮುಂದಿನಿಂದ ಒಳಬಂದು ಹೊಗೆ ಹಿಂದಿನಿಂದ ಹೊರಹೋಗುವ ಹೊಸ ಬಗೆಯ ಎಂಜಿನ್ ಕಟ್ಟಿ ಮೋಟೊಕ್ರಾಸ್ ಗಾಡಿಯನ್ನು ಹೊರತಂದರು. ಬುದ್ಧಿವಂತಿಕೆಗೆ ಕೊರತೆಯಿರಲಿಲ್ಲ, ಗಾಡಿ ಮಾತ್ರ ನೆಚ್ಚಿದವರನ್ನು ದಾರಿಯಲ್ಲಿ ನಿಲ್ಲಿಸಿತು. 2003ರ ಜನವರಿಯಲ್ಲಿ ಇಡೀ ಕಂಪನಿಯೇ ದಿವಾಳಿ ಅರ್ಜಿ ಹಾಕಬೇಕಾಯಿತು. ಸೈಕಲ್ ಉಳಿಯಿತು, ಒಡೆಯರು ಬೇರೆಯಾದರು.

ಇದಕ್ಕೆ ಎದುರಾಗಿ ನಮ್ಮ ಪಕ್ಕದ ಹೊಸೂರಿನ ಟಿ.ವಿ.ಎಸ್. ಅನ್ನು ನೋಡಬಹುದು. ಅದರ ಪಂದ್ಯದ ವಿಭಾಗ ಹುಟ್ಟಿದ್ದು 1982ರಲ್ಲಿ. ಆಗ ಅದು ಮಾಡುತ್ತಿದ್ದುದು 1980ರಲ್ಲಿ ಬಿಟ್ಟ 50 ಸಿ.ಸಿ.ಯ ಮೊಪೆಡ್ಡು! ಮೊಪೆಡ್ಡು ಮಾಡುವವನು ಪಂದ್ಯದ ತಂಡ ಕಟ್ಟುವುದೆಂದರೆ ಎತ್ತಿನ ಗಾಡಿಯವನು ರಥೋತ್ಸವಕ್ಕೆ ಹೊರಟಂತೆ. ಆದರೆ ಅದು ಬಿಡಲಿಲ್ಲ. ಸುಜುಕಿಯ ಜೊತೆ ಸೇರಿತು, 2001ರಲ್ಲಿ ಬೇರೆಯಾಯಿತು, ತಂಡ ಮಾತ್ರ ನಡೆಯುತ್ತಲೇ ಬಂತು. ಇಂದು ಅದು ದೊಡ್ಡ ಕಂಪನಿ, ಮೈಸೂರಿನ ಬಳಿಯೂ ಅದರ ಕಾರಖಾನೆಯಿದೆ. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋಗಿ ನಿಂತರೆ, ಗೂಡಿನ ಚೀಲಗಳನ್ನು ಹಿಂದೆ ಮುಂದೆ ಹೇರಿಕೊಂಡು ಬರುವ ಅದರ ಮೊಪೆಡ್ಡುಗಳನ್ನು ಈಗಲೂ ಕಾಣಬಹುದು. ಆ ಚೀಲ ಹೊರುವ ಗಾಡಿಗೂ ಹಾರುವ ಗಾಡಿಗೂ ನಡುವೆ ನಲವತ್ತು ವರುಷಗಳ ಸಾವಧಾನವಿದೆ. ಸಣ್ಣವರು ಅನುಕರಿಸಬೇಕಾದುದು ಹಾರಾಟವನ್ನಲ್ಲ, ಈ ಸಾವಧಾನವನ್ನು ಎಂದು ನನ್ನ ಎಣಿಕೆ.

ಇಷ್ಟೆಲ್ಲ ಕಬ್ಬಿಣದ ಮಾತಾಯಿತು. ಮೂಳೆಯ ಮಾತು ಉಳಿದಿದೆ. ಮೋಟೊಕ್ರಾಸಿನಲ್ಲಿ ಪಳಗಿ ಮರುಭೂಮಿಗೆ ಹೋದ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ಓಟವನ್ನು ಮುಗಿಸಿದ ಮೊದಲ ಭಾರತೀಯರಾದರು, 36ನೆಯ ಸ್ಥಾನದಲ್ಲಿ. 2021ರ ಜನವರಿಯಲ್ಲಿ ಅದೇ ಓಟದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧದ ನಿದ್ರೆಯಲ್ಲಿ ಇರಿಸಬೇಕಾಯಿತು; ಬದುಕಿ ಬಂದರು. ಅದಕ್ಕೆ ಒಂದು ವರುಷ ಮುಂಚೆ, ಅದೇ ಹೀರೋ ತಂಡದ ಪೋರ್ಚುಗಲ್ ದೇಶದ ಪಾಲೊ ಗೊನ್ಸಾಲ್ವೆಸ್ ಹಿಂತಿರುಗಲಿಲ್ಲ. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಡಕಾರ್ ಮುಗಿಸಿದರು, ಹಿಂದಿನ ಎರಡು ಯತ್ನಗಳು ಅರ್ಧದಲ್ಲಿಯೇ ನಿಂತ ಮೇಲೆ. ಬಿದ್ದ ಮೇಲೆ ಮತ್ತೆ ಕರೆಯುವ ತಂಡ ಹಿಂದೆ ಇದ್ದರೆ ಮಾತ್ರ ಮೂರನೆಯ ಯತ್ನವೆಂಬುದು ಸಾಧ್ಯ. ‘ವೃತ್ತಿಪರ’ ಎಂಬ ಶಬ್ದಕ್ಕೆ ನಾನು ಕೊಡುವ ಅರ್ಥ ಇದೇ. ಸಂಬಳ ಪಡೆಯುವವನು ಎಂಬುದು ಅರ್ಧ ಅರ್ಥ. ಬಿದ್ದ ತಿಂಗಳೂ ಸಂಬಳ ಪಡೆಯುವವನು ಎಂಬುದು ಪೂರ್ಣ ಅರ್ಥ.

ನಮ್ಮ ಹುಡುಗ ಬಿದ್ದಾಗ ಅವನ ಹಿಂದೆ ಯಾರೂ ಇರಲಿಲ್ಲ. ಯಾವುದೋ ಊರಿನ ಬಯಲಿನಲ್ಲಿ, ಪ್ರವೇಶಧನ ತಾನೇ ಕಟ್ಟಿ, ಗೆಳೆಯನ ಗಾಡಿಯಲ್ಲಿ ಓಡಿದವನು. ಅವನ ತಂದೆ ಹಿಪ್ಪುನೇರಳೆ ಬೆಳೆಯುವವರು. ಆ ಸಲದ ಗೂಡಿನ ಹಣವೆಲ್ಲ ಮಗನ ಕೊರಳೆಲುಬಿಗೆ ಹೋಯಿತು. “ಅಪ್ಪ ಬೈನಿಲ್ಲ ಸಾ,” ಎಂದ ಹುಡುಗ, ಅದೇ ಹೆಚ್ಚು ನೋವಾಯಿತೆಂಬ ದನಿಯಲ್ಲಿ.

ಮುಂದಿನ ಭಾನುವಾರ ನಾವಿಬ್ಬರೂ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದೆವು. ಯಳಂದೂರಿನವರೆಗೆ ಯೆಜ್ಡಿ; ಅಲ್ಲಿಂದ ಮುಂದೆ ಬಸ್ಸು. ಹುಲಿ ಸಂರಕ್ಷಿತ ಕಾಡಿನ ದಾರಿಯಲ್ಲಿ ಆನೆಗೆ ಎದುರಾಗಿ ಎರಡು ಗಾಲಿಯ ಮೇಲೆ ನಿಲ್ಲುವ ಧೈರ್ಯ ಕನ್ನಡ ಎಂ.ಎ.ಯಲ್ಲಿ ಕಲಿಸಿದ್ದಲ್ಲ. (ಬೆಟ್ಟದ ಮೇಲೆ ಇಂಥ ಪಂದ್ಯ ನಡೆಸಿದರೆ ಎಷ್ಟು ಚೆನ್ನ ಎಂದು ಬಸ್ಸಿನಲ್ಲಿದ್ದ ಪ್ರವಾಸಿಯೊಬ್ಬರು ಹೇಳಿದರು. ಬೇಡ ಸ್ವಾಮಿ. ಮಣ್ಣಿಗೆ ನಾಡಿನಲ್ಲಿ ಬರವಿಲ್ಲ, ಕಾಡಿಗೆ ಬರವಿದೆ.)

ಗುಡಿಯಲ್ಲಿ ರಂಗನಾಥನ ಪಾದುಕೆಗಳನ್ನು ನಮ್ಮ ತಲೆಗೆ ಮುಟ್ಟಿಸಿದರು. ಈ ಸೀಮೆಯವರಿಗೆ ಕಥೆ ಗೊತ್ತು. ಸೋಲಿಗರ ಹೆಣ್ಣು ಕುಸುಮಾಲೆಯ ಕೈಹಿಡಿದುದರಿಂದ ಈ ದೇವರು ಸೋಲಿಗರಿಗೆ ರಂಗಭಾವ. ಭಾವನಾದವನು ಗುಡಿಯೊಳಗೆ ಕೂತಿರುತ್ತಾನೆಯೆ? ಇರುಳು ಕಾಡೆಲ್ಲ ಸುತ್ತುತ್ತಾನೆ. ಸುತ್ತಿ ಸುತ್ತಿ ಕಾಲಿನ ಚರ್ಮದ ಪಾದುಕೆ ಸವೆಯುತ್ತದೆ. ಎರಡು ವರುಷಕ್ಕೊಮ್ಮೆ ತಪ್ಪಲಿನ ಹಳ್ಳಿಯಿಂದ, ಹರಳಯ್ಯನ ಪರಂಪರೆಯವರು ಆಳುದ್ದದ ಭಕ್ತಿಯಿಂದ ಹೊಲಿದ ಹೊಸ ಪಾದುಕೆ ಬರುತ್ತದೆ. ಬಾಲ್ಯದಿಂದ ಕೇಳಿದ ಈ ಕಥೆಯಲ್ಲಿ ಅಂದು ನನಗೆ ಕಂಡದ್ದು ಹೊಸ ಜೋಡಿಯಲ್ಲ, ಹಳೆಯ ಜೋಡಿ. ಹೊಲಿದವನು ಸವೆದುದನ್ನು ಕೈಯಲ್ಲಿ ತಿರುಗಿಸಿ ನೋಡದೆ ಇರುತ್ತಾನೆಯೆ? ಹಿಮ್ಮಡಿ ತಿಂದಿದೆಯೆ, ಉಂಗುಷ್ಠ ಸಡಿಲವಾಯಿತೆ? ದೇವರು ನಡೆಯದಿದ್ದರೆ ಅವನಿಗೆ ತನ್ನ ಹೊಲಿಗೆ ತಿಳಿಯುವುದು ಹೇಗೆ? ನನ್ನ ಸೋದರಮಾವ ಚಹಾದ ಗಂಟೆಯಲ್ಲಿ ಬಾಗಿ ನೋಡುತ್ತಿದ್ದುದು ಇದನ್ನೇ.

ಆದುದರಿಂದ ನನ್ನ ತೀರ್ಪನ್ನು ಈಗ ತಿದ್ದಿಕೊಳ್ಳುತ್ತೇನೆ. ಸಣ್ಣ ಕಂಪನಿ ಹಣ ಕೊಡಲಿ, ಆ ಹಣ ಜಾಹೀರಾತಿನ ಪುಸ್ತಕದಲ್ಲಿ ಬರೆಯದೆ ಕಾರಖಾನೆಯ ಪುಸ್ತಕದಲ್ಲಿ ಬರೆಯುವುದಾದರೆ. ಪಂದ್ಯದ ಗಾಡಿಯನ್ನು ಬಿಚ್ಚಿ ಕಟ್ಟುವವನು, ಮಾರುವ ಗಾಡಿಯನ್ನು ಕಟ್ಟುವವನ ಪಕ್ಕದ ಮೇಜಿನವನಾಗಿರಬೇಕು. ಹೊರದೇಶದಿಂದ ಗಾಡಿ ತರಿಸಿ, ಹೊರದೇಶದ ಸವಾರನನ್ನು ಕೂಡಿಸಿ, ತೊಟ್ಟಿಯ ಮೇಲೆ ತನ್ನ ಹೆಸರನ್ನು ಅಂಟಿಸುವುದಾದರೆ ಅದು ಬಾಡಿಗೆಯ ವೇಷ. 2024ರ ಜನವರಿ, ಫೆಬ್ರವರಿಗಳಲ್ಲಿ ಪುಣೆ, ಅಹಮದಾಬಾದ್, ಬೆಂಗಳೂರುಗಳಲ್ಲಿ ನಡೆದ ಸೂಪರ್‌ಕ್ರಾಸ್ ಲೀಗಿನ ಮುಖ್ಯ ವರ್ಗಗಳಲ್ಲಿ ಹಾರಿದುವು 250 ಮತ್ತು 450 ಸಿ.ಸಿ.ಯ ಹೊರದೇಶದ ಗಾಡಿಗಳೇ. ನೋಡುವುದಕ್ಕೆ ಸೊಗಸು, ನಮ್ಮ ಜೋಡಣೆಯ ಮೇಜಿಗೆ ಅದರಿಂದ ಬಂದ ಸುದ್ದಿ ಅಲ್ಪ.

ಮೈಸೂರಿನ ಆ ಹಳೆಯ ಹೆಸರುಗಳು ಈಗ ಮತ್ತೆ ರಸ್ತೆಗೆ ಬಂದಿವೆ. ಕ್ಲಾಸಿಕ್ ಲೆಜೆಂಡ್ಸ್ ಎಂಬ ಸಂಸ್ಥೆ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮರಳಿ ತಂದಿತು. ತಯಾರಾಗುವುದು ಯಾದವಗಿರಿಯಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಅವುಗಳಲ್ಲಿ ಒಂದರ ಹೆಸರು ‘ಸ್ಕ್ರ್ಯಾಂಬ್ಲರ್’. ಕ್ಯಾಂಬರ್ಲಿಯ ಕೆಸರಿನ ಹೆಸರು! ಭಾಷೆ ಕಲಿಸುವವನಿಗೆ ಇಂಥದು ಕಂಡರೆ ಕಿವಿ ನಿಮಿರುತ್ತದೆ. ಆದರೆ ಆ ಗಾಡಿಯ ತೂಕ 180 ಕಿಲೋಗ್ರಾಮ್ ಮೀರಿದೆ. ಮೋಟೊಕ್ರಾಸಿನ 450 ಸಿ.ಸಿ.ಯ ಗಾಡಿ ಸುಮಾರು 110. ಅಂಥ ಸಂಸ್ಥೆ ಇಂದು ಮೋಟೊಕ್ರಾಸ್ ತಂಡ ಕಟ್ಟಬೇಕೆಂದರೆ ಒಂದೋ ಬಾಡಿಗೆಯ ವೇಷ ತೊಡಬೇಕು, ಇಲ್ಲವೇ ಕ್ಯಾನನ್‌ಡೇಲ್ ಆಡಿದ ಜೂಜನ್ನು ಆಡಬೇಕು. ನನ್ನನ್ನು ಕೇಳಿದರೆ (ಕೇಳುವುದಿಲ್ಲ, ಬಲ್ಲೆ), ತನ್ನ ಗಾಡಿ ತನ್ನ ತೂಕದಲ್ಲಿಯೇ ಓಡಬಲ್ಲ ಮಣ್ಣಿನ ರ‍್ಯಾಲಿಯಿಂದ ಮೊದಲುಮಾಡಲಿ ಎನ್ನುತ್ತೇನೆ. ಇಬ್ಬರು ಸವಾರರು, ಇಬ್ಬರು ಮೆಕ್ಯಾನಿಕರು, ಒಂದು ವ್ಯಾನು, ಆಸ್ಪತ್ರೆಯ ವಿಮೆ, ಬಿದ್ದ ತಿಂಗಳ ಸಂಬಳ. ಹತ್ತು ವರುಷ ಇದನ್ನು ನಡೆಸುವ ಶಕ್ತಿಯಿಲ್ಲದಿದ್ದರೆ ಮೊದಲನೆಯ ವರುಷವೂ ಬೇಡ. ಎರಡು ವರುಷ ಸಾಕಿ ಮೂರನೆಯ ವರುಷ ಕೈಬಿಟ್ಟ ಸವಾರ, ಪಂದ್ಯವನ್ನೇ ನೋಡದ ಹುಡುಗನಿಗಿಂತ ನಿರ್ಗತಿಕ. ಓದು ನಿಂತಿರುತ್ತದೆ, ಬೇರೆ ಕಸುಬು ಕಲಿತಿರುವುದಿಲ್ಲ.

ಬಹುಮಾನವನ್ನು ಮಾತ್ರ ನಾನು ಹಿಂತೆಗೆದುಕೊಳ್ಳುವುದಿಲ್ಲ. ಅಂದು ಅಲ್ಲಿ ಆಡಿದ ಮಾತುಗಳಲ್ಲಿ ಹುಡುಗಿಯದೇ ಮೇಲು.

ಸಂಜೆಗೆ ಮೊದಲೇ ಬೆಟ್ಟ ಇಳಿದು ಯಳಂದೂರಿನ ಬಸ್ ನಿಲ್ದಾಣದಲ್ಲಿ ಯೆಜ್ಡಿಯನ್ನು ಎಬ್ಬಿಸಿದೆ. ಹುಡುಗ ಹಿಂದೆ ಕೂಡಲಿಲ್ಲ. ನೆಲಕ್ಕೆ ಕುಕ್ಕರಿಸಿ, ಹಿಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅತ್ತ ಇತ್ತ ಅಲುಗಿಸಿ ಕಿವಿಗೊಟ್ಟ. “ಸ್ವಿಂಗ್ ಆರ್ಮ್ ಬುಷ್ ಹೋಗದ ಸಾ. ಬೆಳಿಗ್ಗೆ ಬರುವಾಗ್ಲೇ ಗೊತ್ತಾಯ್ತು. ತಿರುವುನಲ್ಲಿ ಬಾಲ ಒದರ್ತಿತ್ತು,” ಎಂದ. ಎಂಟು ವರುಷ ಆ ಗಾಡಿಯ ಮೇಲೆ ಕೂತ ನನಗೆ ಅದು ತಿಳಿದಿರಲಿಲ್ಲ. “ಹಳೇ ಬುಷ್ಸು ಬಿಸಾಡ್ಬ್ಯಾಡಿ, ಅಳತೆಗೆ ಬೇಕು,” ಎನ್ನುತ್ತ ಬೀಗದ ಕೈಗಾಗಿ ಅಂಗೈ ಒಡ್ಡಿದ. ಕೊಟ್ಟು, ನಾನು ಕೊಳ್ಳೇಗಾಲದ ಬಸ್ಸು ಹತ್ತಿದೆ. ಗಾಡಿ ಇನ್ನೂ ಅವನ ಬಳಿಯೇ ಇದೆ.